ಯೋನಿ: ಒಂದು ಶಬ್ದದ ಕಥೆ

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯಂದು ಬರುವ ಹೆಣ್ಣುಮಕ್ಕಳು ದೇವಿಗೆ ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿಗಳಿಂದ ಉಡಿ ತುಂಬುತ್ತಾರೆ. ಉಡಿ ಏಕೆ ತುಂಬಬೇಕೆಂದು ಬಾಲ್ಯದಲ್ಲಿ ನಾನು ಅವ್ವನನ್ನು ಕೇಳಿದ್ದೆ. "ಉಡಿ ತುಂಬಿದರ ಒಡಲೂ ತುಂಬತೈತಿ, ಮಗಳ" ಎಂದಳು. ಒಡಲಿನಿಂದ ಮುಂದೆ ಅವಳ ಮಾತು ಹೋಗಲಿಲ್ಲ. ಕನ್ನಡದ ರೀತಿಯೇ ಅದು. 'ಬಸಿರು' ಎಂಬ ಒಂದೇ ಪದ ಹೊಟ್ಟೆಗೂ ಗರ್ಭಕೋಶಕ್ಕೂ ಗರ್ಭ ಧರಿಸಿರುವುದಕ್ಕೂ ಸಲ್ಲುತ್ತದೆ. ತಮಿಳಿನ 'ವಯಿರು' ಅದರ ಸೋದರ ಪದ.

ಇನ್ನು 'ಯೋನಿ' ಎಂಬ ಸಂಸ್ಕೃತ ಶಬ್ದ. ಇಂದು ನಾವು ನುಡಿಯಲು ಅಂಜುವ ಈ ಮಾತಿನ ಅರ್ಥವ್ಯಾಪ್ತಿ ದೊಡ್ಡದು: ಹುಟ್ಟುವ ತಾಣ, ಮೂಲ, ಆಕರ. ಬ್ರಹ್ಮಸೂತ್ರದಲ್ಲಿ ಅದು ಕಾರಣ ಎಂಬರ್ಥದಲ್ಲಿ ಬಂದಿದೆ. ಜೀವಜಾತಿಗಳನ್ನು 84 ಲಕ್ಷ ಯೋನಿಗಳೆಂದು ಪುರಾಣಗಳು ಎಣಿಸುತ್ತವೆ. ಚರಕಸಂಹಿತೆ 20 ಯೋನಿವ್ಯಾಪತ್ತುಗಳನ್ನು ಹೇಳುವಾಗ ಗರ್ಭಾಶಯದ ಬೇನೆಗಳನ್ನೂ ಆ ಹೆಸರಿನಲ್ಲೇ ಸೇರಿಸುತ್ತದೆ. ಇಂದಿನ ವೈದ್ಯಕೀಯ ಕನ್ನಡದಲ್ಲಿ ಮಾತ್ರ ಯೋನಿ ಬೇರೆ, ಗರ್ಭಕೋಶ ಬೇರೆ. ಮದುವೆಗೆ ಜಾತಕ ಕೂಡಿಸುವ ಜೋಯಿಸರು ತುಂಬಿದ ಮನೆಯಲ್ಲಿ ಕುಳಿತು 'ಯೋನಿಕೂಟ' ಎನ್ನುತ್ತಾರೆ. ಯಾರೂ ತಲೆ ತಗ್ಗಿಸುವುದಿಲ್ಲ.

ನಮ್ಮೂರಿನ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯನ್ನು ಅನುಸರಿಸಿ ರಾಮದುರ್ಗ ದಾಟಿ ಹೋದರೆ ಬಾದಾಮಿಯ ಸೀಮೆ ಸಿಗುತ್ತದೆ. ಅಲ್ಲಿನ ನಾಗನಾಥಕೊಳ್ಳದಲ್ಲಿ ದೊರೆತ ಲಜ್ಜಾಗೌರಿಯ ಶಿಲ್ಪ ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದೆ. ತಲೆಯ ಎಡೆಯಲ್ಲಿ ಕಮಲ, ಹೆರಿಗೆಯ ಭಂಗಿಯಲ್ಲಿ ಮಡಿಸಿ ಅಗಲಿಸಿದ ಕಾಲುಗಳು. ಮರಾಠಿಯ ವಿದ್ವಾಂಸ ರಾ. ಚಿಂ. ಢೇರೆಯವರು 1978ರಲ್ಲಿ 'ಲಜ್ಜಾಗೌರಿ' ಎಂಬ ಗ್ರಂಥವನ್ನೇ ಬರೆದು, ಈ ದೇವಿಗೂ ರೇಣುಕೆ-ಎಲ್ಲಮ್ಮನಿಗೂ ಇರುವ ನಂಟನ್ನು ವಿವೇಚಿಸಿದರು. ಆ ಮೂರ್ತಿಯ ಮುಂದೆ ನಿಂತಾಗ ನನಗೆ ಅನಿಸಿದ್ದಿಷ್ಟು: ಲಜ್ಜೆ ಇರುವುದು ಹೆಸರಿನಲ್ಲಿ, ಶಿಲ್ಪಿಯ ಉಳಿಯಲ್ಲಿ ಅದರ ಸುಳಿವಿಲ್ಲ.

ಇದನ್ನು ಬರಿಯ ಶಬ್ದಚರ್ಚೆಯೆಂದು ನಾನು ಎಣಿಸಲಾರೆ. ಹಲವು ವರ್ಷಗಳ ಹಿಂದೆ ನೆರೆಮನೆಯ ಹಿರಿಯಳೊಬ್ಬಳನ್ನು ವೈದ್ಯರಲ್ಲಿಗೆ ಕರೆದೊಯ್ದಿದ್ದೆ. ನೋವು ಎಲ್ಲಿ ಎಂದು ಕೇಳಿದರು. "ಹೊಟ್ಯಾಗರಿ" ಎಂದಳು. ಮತ್ತೆ ಕೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡಳು. ಹೊಟ್ಟೆಯ ಔಷಧಿಯೇ ಬಂದಿತು. ಗರ್ಭಕೋಶ ಜಾರಿದೆಯೆಂದು ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಅವಳ ಬೇನೆ ಎಲ್ಲಿಯದೆಂದು ನನಗೆ ತಿಳಿದಿತ್ತು, ಆ ಶಬ್ದವೂ ನನಗೆ ಗೊತ್ತಿತ್ತು. ಅಕ್ಷರ ಕಲಿತ ನಾನೂ ಅಂದು ಬಾಯಿ ತೆರೆಯಲಿಲ್ಲ.

ಕಲ್ಲಿನಲ್ಲಿ ಕಡೆದು ಪೂಜಿಸಿದ್ದನ್ನು, ಪಂಚಾಂಗದಲ್ಲಿ ಅಳುಕದೆ ಓದುವುದನ್ನು, ನೋಯುತ್ತಿರುವ ಹೆಣ್ಣೊಬ್ಬಳು ವೈದ್ಯರ ಮುಂದೆ ಹೇಳಲಾರದೆ ಹೋದರೆ ಆ ನಾಚಿಕೆ ಅವಳೊಬ್ಬಳದೇ ಅಲ್ಲ. ಉಡಿ ತುಂಬುವ ನಾವು ನಮ್ಮ ಹೆಣ್ಣುಮಕ್ಕಳಿಗೆ ಆ ಒಂದು ಶಬ್ದವನ್ನೂ ಕೊಡಬೇಕು.