ಮಾಯಕ್ಕನ ಜಾತ್ರೆ ಚೌಕಟ್ಟಿಗೆ ಹಿಡಿಸುವುದೆಷ್ಟು?

ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಚಿಂಚಲಿಯ ಮಾಯಕ್ಕನ ಗುಡಿ ಮುಂದೆ ಹಾರುವ ಭಂಡಾರದ, ಅಂದರೆ ಅರಿಶಿನ ಪುಡಿಯ, ಹಳದಿ ಫೋಟೊದಲ್ಲಿ ಎಷ್ಟು ಅಗಲ ಸಿಗುತ್ತದೆ ಎಂಬುದು ಲೆನ್ಸಿನ ಸಂಗಮದೂರಕ್ಕೆ, ಅಂದರೆ ದೂರದ ಬಿಂಬ ಸ್ಪಷ್ಟವಾಗಿ ಮೂಡಲು ಗಾಜು ಚೌಕಟ್ಟಿನಿಂದ ಇರಬೇಕಾದ ದೂರಕ್ಕೆ, ಬಿಟ್ಟದ್ದು. 1925ರಲ್ಲಿ ಬಂದ ಲೈಕಾ ಕ್ಯಾಮೆರಾ 36×24 ಮಿ.ಮೀ. ಫಿಲ್ಮ್ ಚೌಕಟ್ಟನ್ನು ರೂಢಿಗೆ ತಂದಿತು. ಅದರ ಲೆನ್ಸಿನ ಸಂಗಮದೂರ 50 ಮಿ.ಮೀ. ಈ ಚೌಕಟ್ಟಿನಲ್ಲಿ 50ರ ಲೆನ್ಸು ಅಡ್ಡಕ್ಕೆ ಸುಮಾರು 40 ಡಿಗ್ರಿ ನೋಡುತ್ತದೆ. 30 ಮೀಟರ್ ದೂರ ನಿಂತರೆ ಇಪ್ಪತ್ತೆರಡು ಮೀಟರಿನಷ್ಟು ಜಾತ್ರೆ ಸಿಕ್ಕೀತು. 24 ಮಿ.ಮೀ. ಹಾಕಿದರೆ 74 ಡಿಗ್ರಿ, 45 ಮೀಟರ್. 200 ಹಾಕಿದರೆ ಬರೀ 10 ಡಿಗ್ರಿ, ಒಂದು ಚಕ್ಕಡಿ, ಅದರ ಎತ್ತು, ಅಷ್ಟೆ. ಕಿಟಕಿಯಿಂದ ಹಿಂದೆ ಸರಿದಷ್ಟೂ ಬೀದಿ ಕಡಿಮೆ ಕಾಣುವುದಿಲ್ಲವೆ, ಹಾಗೆಯೇ ಗಾಜು ಚೌಕಟ್ಟಿನಿಂದ ದೂರವಾದಷ್ಟೂ ನೋಟದ ಕೋನ ಕಿರಿದು.

200ರಂಥ ಉದ್ದ ಲೆನ್ಸು ಜನರನ್ನು ಗುಡಿಗೆ ಒತ್ತಿ ಅಂಟಿಸುತ್ತದಲ್ಲ ಎಂದು ಕೇಳುವವರುಂಟು. ಕಣ್ಣಿಗೆ ಹಾಗೆ ಕಾಣುವುದು ನಿಜ, ಕಾರಣ ಮಾತ್ರ ಲೆನ್ಸಲ್ಲ, ನಿಂತ ದೂರ. ಅದೇ ಜಾಗದಿಂದ ತೆಗೆದ ಅಗಲ ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡಿ ನೋಡಿ: ಮುಂದಿನವರ ರುಮಾಲು ಹಿಂದಿನವರ ಮುಖವನ್ನು ಅಷ್ಟೇ ಮರೆಮಾಡಿರುತ್ತದೆ.