ಅಜ್ಜಿ ಹೊಲಿದ ಕುಂಚಿಗೆ

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಒಂದು ಕುಂಚಿಗೆಯಿದೆ. ಕೂಸಿನ ತಲೆಯನ್ನು ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಈ ಉಡುಪನ್ನು ಮೊನ್ನೆ ಕಂಡ ನನ್ನ ಮೊಮ್ಮಗಳು, “ಇದೇನು ತಾತ, ಗೊಂಬೆಯ ರೇನ್‌ಕೋಟೇ?” ಎಂದು ಕೇಳಿದಳು. ನಗುವ ಮಾತೇ ಸರಿ. ಆದರೆ ಉತ್ತರ ಹೇಳಹೊರಟಾಗ, ಅದರ ಕಥೆ ನನಗೇ ಪೂರ್ತಿಯಾಗಿ ತಿಳಿಯದೆಂಬುದು ಅರಿವಿಗೆ ಬಂತು.

1944ರಲ್ಲಿ ಧಾರವಾಡದಲ್ಲಿ ನಾನು ಹುಟ್ಟಿದಾಗ ಅಜ್ಜಿ ಹೊಲಿದ ಕುಂಚಿಗೆಯಿದು. ಆಗ ಧಾರವಾಡ ಮುಂಬಯಿ ಪ್ರಾಂತದ ಒಂದು ಜಿಲ್ಲೆ. ಮೈಸೂರಿನೊಡನೆ ಕೂಡಲು ಇನ್ನೂ 12 ವರ್ಷ ಕಾಯಬೇಕಿತ್ತು. ಯುದ್ಧದ ಕಾಲ. ಗಿರಣಿಯ ಬಟ್ಟೆ ಸೈನ್ಯಕ್ಕೆ ಹೋಗುತ್ತಿತ್ತು. ಬೆಲೆ ಏರಿದುದರಿಂದ 1943ರಲ್ಲಿ ಸರಕಾರ ಅರಿವೆ, ನೂಲುಗಳ ಮೇಲೆ ನಿಯಂತ್ರಣದ ಆಜ್ಞೆ ಹೊರಡಿಸಿತ್ತು. ಹೊಸ ಅರಿವೆಗೆ ದಾರಿ ಕಾಣದೆ ಅಜ್ಜಿ ತನ್ನ ಮದುವೆಯ ಇಲಕಲ್ ಸೀರೆಗೇ ಕತ್ತರಿ ಹಾಕಿದಳಂತೆ.

ಇಲಕಲ್ ಸೀರೆ ಬಲ್ಲವರಿಗೆ ಇದೆಂಥ ಮಾತೆಂಬುದು ಗೊತ್ತು. ಅದರ ಒಡಲು ಬೇರೆ, ಸೆರಗು ಬೇರೆ. ಎರಡರ ಹಾಸನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಬೇಕು. ಕೆಂಪು ಸೆರಗಿನಲ್ಲಿ ಬಿಳಿಯ ತೋಪು-ತೆನೆ. ಆ ಸೆರಗು ನನ್ನ ಕುಂಚಿಗೆಯ ತಲೆಯಾಯಿತು, ಕಪ್ಪು ಒಡಲು ಬೆನ್ನಾಯಿತು.

ಅದರ ಮೇಲೆ ಅವಳು ತೆಗೆದ ಕಸೂತಿಯ ಮಾತನ್ನು ತುಸು ಬಿಡಿಸಿಯೇ ಹೇಳಬೇಕು. ಕಸೂತಿಗೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನೆಣಿಸಿ ಸೂಜಿ ಹಾಕುತ್ತಾರೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಹೋಗುವಾಗ ನಡುನಡುವೆ ತೆರವು ಬಿಟ್ಟು ಹೋಗುತ್ತದೆ. ಅದೇ ದಾರಿಯಲ್ಲಿ ಮರಳಿ ಬರುವಾಗ ಆ ತೆರವನ್ನೆಲ್ಲ ತುಂಬುತ್ತ ಬರುತ್ತದೆ. ಆದುದರಿಂದ ಅರಿವೆಯ ಒಳಮೈಯೂ ಹೊರಮೈಯೂ ಒಂದೇ. ಮುರಗಿಯೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಗಿ ನೇಯ್ದಂತೆ ಕಾಣುತ್ತದೆ, ಮೆಂತೆ ಮೆಂತ್ಯದ ಕಾಳು ಒತ್ತಿದಂತೆ. ಗೋಪುರ, ತೇರು, ತುಳಸೀಕಟ್ಟೆ, ಗಿಳಿ, ಆನೆ, ತೊಟ್ಟಿಲು ಎಲ್ಲ ಈ ನಾಲ್ಕರಲ್ಲೇ ಮೂಡಬೇಕು. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಹುಟ್ಟಿ, ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಮುಂದಾಳಾದ ಮೇಲೆ ಇಂಥ ಕಸಬುಗಳತ್ತ ದೇಶದ ಕಣ್ಣು ಹರಿಯಿತು. ಈಗ ಕಸೂತಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ಉಂಟು. ಆಗಬೇಕಾದದ್ದೇ. ಆದರೆ ಮನೆಯಲ್ಲಿದ್ದುದನ್ನು ಮನೆಯವರಿಂದ ಯಾರು ರಕ್ಷಿಸಬೇಕು?

ಇದನ್ನು ನಾನು ನನ್ನನ್ನೇ ಕುರಿತು ಹೇಳುತ್ತಿದ್ದೇನೆ. ಅದೇ ಸೀರೆಯ ಉಳಿದ ತುಂಡುಗಳನ್ನು ಅಜ್ಜಿ ಒಂದು ಕೌದಿಗೆ ಸೇರಿಸಿದ್ದಳು. ತೀರಿಹೋದ ಅತ್ತೆಯ ಪರಕಾರ, ಅಜ್ಜನ ರುಮಾಲು, ನಮ್ಮೆಲ್ಲರ ಹರಿದ ಅಂಗಿಗಳು ಎಲ್ಲ ಅದರಲ್ಲಿದ್ದವು. 1974ರಲ್ಲಿ ಬೆಂಗಳೂರಿಗೆ ಮನೆ ಸಾಗಿಸುವಾಗ, ಹೊರೆಯೆಂದು, ಹಳೆ ಅರಿವೆಗೆ ಪಾತ್ರೆ ಕೊಡುವವಳಿಗೆ ಅದನ್ನು ಕೊಟ್ಟು ಒಂದು ಸ್ಟೀಲ್ ಡಬ್ಬಿ ಪಡೆದೆ. ಡಬ್ಬಿ ಈಗಲೂ ಇದೆ, ಸಕ್ಕರೆ ತುಂಬಿಡುತ್ತೇವೆ.

ಕುಂಚಿಗೆಯ ಅಂಚಿನಲ್ಲಿ ಗವಂತಿಯ ಆನೆಗಳ ಸಾಲು. ಮೊಮ್ಮಗಳು ಬೆರಳಿಟ್ಟು ಎಣಿಸಿ, ಕೊನೆಯ ಆನೆ ಬರೀ ಚುಕ್ಕಿ ಚುಕ್ಕಿಯಾಗಿದೆಯೆಂದಳು. ಹೌದು, ಹೋದ ಸೂಜಿ ಅಲ್ಲಿ ಮರಳಿ ಬಂದಿಲ್ಲ. ಧಾರವಾಡದಲ್ಲಿರುವ ಅಕ್ಕನಿಗೆ ಫೋನು ಮಾಡಿ ಕೇಳಿದೆ. ತೊಂಬತ್ತು ದಾಟಿದ ಆಕೆ ನಕ್ಕುಬಿಟ್ಟಳು.

“ನೀ ಎಲ್ಲಿ ಪೂರಾ ಮಾಡಗೊಟ್ಟೀಯೋ ತಮ್ಮಾ? ಒಂಬತ್ತು ತುಂಬೂದರೊಳಗ ಬಂದ್ಯಲ್ಲ! ಅಜ್ಜಿ ಸೂಜಿ ಅಲ್ಲೇ ಬಿಟ್ಟು, ಕೂಸಿಗೆ ಥಂಡಿ ಹತ್ತತೈತಿ ಅಂತ ಕುಂಚಿಗಿ ಹಾಕಿಬಿಟ್ಲು. ಆಮ್ಯಾಲೆ ಅದನ್ನ ನಿನ್ನ ತಲಿಮ್ಯಾಲಿಂದ ತಗಿಯಾಕ ಆಕಿಗೆ ಮನಸ್ಸs ಬರಲಿಲ್ಲ.”