ಗಾಟ್‌ಫ್ರೀಡ್ ಫುಕ್ಸ್: ದಾಖಲೆ ಉಳಿಯಿತು, ಹೆಸರು ಅಳಿಯಿತು

ಜರ್ಮನಿ ಫುಟ್‌ಬಾಲ್ ತಂಡದ ಪರ ಒಂದೇ ಅಂತರರಾಷ್ಟ್ರೀಯ ಪಂದ್ಯದಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ದಾಖಲೆ ಇಂದಿಗೂ ಗಾಟ್‌ಫ್ರೀಡ್ ಫುಕ್ಸ್ ಅವರ ಹೆಸರಿನಲ್ಲಿದೆ. 1912ರಲ್ಲಿ ಅವರು ರಷ್ಯಾ ವಿರುದ್ಧ 10 ಗೋಲು ಗಳಿಸಿದ್ದರು. ಆದರೆ ಯಹೂದಿ ಎಂಬ ಒಂದೇ ಕಾರಣಕ್ಕೆ ನಾಜಿ ಆಡಳಿತದ ಅವಧಿಯಲ್ಲಿ ಅವರ ಹೆಸರನ್ನೇ ಕ್ರೀಡಾ ದಾಖಲೆಗಳಿಂದ ಕೈಬಿಡಲಾಯಿತು.

ಕಾರ್ಲ್ಸ್‌ರೂಹೆಯ ತ್ರಿಮೂರ್ತಿಗಳು

1889ರ ಮೇ 3ರಂದು ಕಾರ್ಲ್ಸ್‌ರೂಹೆ ನಗರದಲ್ಲಿ ಜನಿಸಿದ ಫುಕ್ಸ್, ಡ್ಯುಸೆಲ್‌ಡಾರ್ಫ್‌ನ ಕ್ಲಬ್‌ನಲ್ಲಿ ಆಡಿದ ನಂತರ ತವರಿನ ಕಾರ್ಲ್ಸ್‌ರೂಹೆ ಎಫ್‌ವಿ ತಂಡವನ್ನು ಸೇರಿದರು. ಇಂಗ್ಲೆಂಡ್‌ನ ವಿಲಿಯಂ ಟೌನ್ಲಿ ತರಬೇತಿ ನೀಡುತ್ತಿದ್ದ ಈ ತಂಡ 1910ರ ಫೈನಲ್‌ನಲ್ಲಿ ಹೋಲ್‌ಸ್ಟೈನ್ ಕೀಲ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 1–0ರಿಂದ ಮಣಿಸಿ ಜರ್ಮನ್ ಚಾಂಪಿಯನ್ ಆಯಿತು. ಫುಕ್ಸ್, ಜೂಲಿಯಸ್ ಹಿರ್ಷ್ ಹಾಗೂ ಫ್ರಿಟ್ಜ್ ಫೋರ್ಡರರ್ ಆ ತಂಡದ ಮುನ್ಪಡೆಯ ಮೂವರು ಪ್ರಮುಖರು. ಇವರಲ್ಲಿ ಹಿರ್ಷ್ ಸಹ ಯಹೂದಿ.

1912ರ ಮಾರ್ಚ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ 5–5ರಲ್ಲಿ ಡ್ರಾ ಆದ ಪಂದ್ಯದ ಐದೂ ಗೋಲುಗಳು ಹಿರ್ಷ್ (4) ಮತ್ತು ಫುಕ್ಸ್ (1) ಅವರಿಂದಲೇ ಬಂದಿದ್ದವು.

ಸ್ಟಾಕ್‌ಹೋಮ್‌ನ ಗೋಲುಗಳ ಮಳೆ

ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯವನ್ನೇ ಆಸ್ಟ್ರಿಯಾಕ್ಕೆ 1–5ರಿಂದ ಸೋತಿದ್ದ ಜರ್ಮನಿ, ಸೋತ ತಂಡಗಳಿಗಾಗಿ ಏರ್ಪಡಿಸಿದ್ದ ಸಾಂತ್ವನ ಟೂರ್ನಿಯಲ್ಲಿ 1912ರ ಜುಲೈ 1ರಂದು ರಷ್ಯಾವನ್ನು ಎದುರಿಸಿತು. ವಿರಾಮದ ವೇಳೆಗೆ 8–0, ಅಂತ್ಯಕ್ಕೆ 16–0. ಹತ್ತು ಗೋಲು 23ರ ಹರೆಯದ ಫುಕ್ಸ್ ಅವರದು, ನಾಲ್ಕು ಫೋರ್ಡರರ್ ಅವರದು. ಇದು ಇಂದಿಗೂ ಜರ್ಮನಿಯ ಅತಿ ದೊಡ್ಡ ಗೆಲುವು.

ಡೆನ್ಮಾರ್ಕ್‌ನ ಸೋಫಸ್ ನೀಲ್ಸನ್ 1908ರಲ್ಲಿ ಸ್ಥಾಪಿಸಿದ್ದ ವಿಶ್ವದಾಖಲೆಯನ್ನು ಫುಕ್ಸ್ ಅಂದು ಸರಿಗಟ್ಟಿದರು. 2001ರಲ್ಲಿ ಆಸ್ಟ್ರೇಲಿಯಾದ ಆರ್ಚಿ ಥಾಂಪ್ಸನ್, ಅಮೆರಿಕನ್ ಸಮೋವಾ ವಿರುದ್ಧ 13 ಗೋಲು ಗಳಿಸುವವರೆಗೂ ಅದನ್ನು ಯಾರೂ ಮೀರಲಿಲ್ಲ. 1911ರಿಂದ 1913ರವರೆಗೆ ಫುಕ್ಸ್ ದೇಶಕ್ಕಾಗಿ ಆಡಿದ್ದು ಆರೇ ಪಂದ್ಯ. ಗಳಿಸಿದ್ದು 13 ಗೋಲು.

ದೇಶಭ್ರಷ್ಟ ಬದುಕು

ಮೊದಲ ಮಹಾಯುದ್ಧದಲ್ಲಿ ಫುಕ್ಸ್ ಜರ್ಮನ್ ಸೇನೆಯ ಫಿರಂಗಿ ದಳದ ಅಧಿಕಾರಿಯಾಗಿ ಹೋರಾಡಿ ‘ಐರನ್ ಕ್ರಾಸ್’ ಗೌರವ ಪಡೆದವರು. ಹೀಗಿದ್ದೂ 1937ರಲ್ಲಿ ಅವರು ತಾಯ್ನಾಡನ್ನು ತೊರೆಯಬೇಕಾಯಿತು. ಸ್ವಿಟ್ಜರ್‌ಲೆಂಡ್, ಫ್ರಾನ್ಸ್ ಮಾರ್ಗವಾಗಿ 1940ರಲ್ಲಿ ಕೆನಡಾ ತಲುಪಿ, ಗಾಡ್‌ಫ್ರೀ ಫೋಕ್ಸ್ ಎಂಬ ಹೊಸ ಹೆಸರಿನಲ್ಲಿ ನೆಲೆಸಿದರು. ಸ್ವದೇಶದಲ್ಲೇ ಉಳಿದ ಹಿರ್ಷ್ ಅವರನ್ನು 1943ರ ಮಾರ್ಚ್‌ನಲ್ಲಿ ಆಶ್‌ವಿಟ್ಜ್ ಶಿಬಿರಕ್ಕೆ ಸಾಗಿಸಲಾಯಿತು. ಅವರು ಮರಳಲಿಲ್ಲ.

ತಡವಾದ ಆಹ್ವಾನ

ಜರ್ಮನಿಗೆ 1954ರ ವಿಶ್ವಕಪ್ ಗೆದ್ದುಕೊಟ್ಟ ತರಬೇತುದಾರ ಸೆಪ್ ಹೆರ್ಬರ್ಗರ್ ಅವರಿಗೆ ಫುಕ್ಸ್ ಬಾಲ್ಯದ ಆರಾಧ್ಯ ಆಟಗಾರ. ಮ್ಯೂನಿಕ್‌ನ ಒಲಿಂಪಿಕ್ ಕ್ರೀಡಾಂಗಣದ ಉದ್ಘಾಟನೆಗಾಗಿ 1972ರ ಮೇ 26ರಂದು ಸೋವಿಯತ್ ಒಕ್ಕೂಟದ ವಿರುದ್ಧ ನಿಗದಿಯಾಗಿದ್ದ ಪಂದ್ಯಕ್ಕೆ ಅವರನ್ನು ಅತಿಥಿಯಾಗಿ ಕರೆಸುವಂತೆ ಹೆರ್ಬರ್ಗರ್ ಜರ್ಮನ್ ಫುಟ್‌ಬಾಲ್ ಸಂಸ್ಥೆಗೆ ಸಲಹೆ ಮಾಡಿದರು. ಅದು ಮುಂದೆ ಪೂರ್ವನಿದರ್ಶನವಾದೀತು ಎಂಬ ಕಾರಣ ನೀಡಿ ಸಂಸ್ಥೆ ನಿರಾಕರಿಸಿತು. ಅಷ್ಟರಲ್ಲಾಗಲೇ, ಫೆಬ್ರುವರಿ 25ರಂದು, ಫುಕ್ಸ್ ಮಾಂಟ್ರಿಯಲ್‌ನಲ್ಲಿ ನಿಧನರಾಗಿದ್ದರು.

2005ರಲ್ಲಿ ಇದೇ ಸಂಸ್ಥೆಯು ಜನಾಂಗೀಯ ದ್ವೇಷ ಮತ್ತು ತಾರತಮ್ಯದ ವಿರುದ್ಧ ಶ್ರಮಿಸುವವರಿಗಾಗಿ ಜೂಲಿಯಸ್ ಹಿರ್ಷ್ ಪ್ರಶಸ್ತಿಯನ್ನು ಸ್ಥಾಪಿಸಿತು.